ಕನ್ಸರ್ಟ್ ಟಿಕೆಟ್‌ಗೂ ಒಂದು ವೇಟಿಂಗ್ ಲಿಸ್ಟ್ ಕೊಡಿ: ಗ್ರಾಹಕ ವ್ಯವಹಾರ ಸಚಿವರಿಗೆ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಸಚಿವರು,
ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.

ವಿಷಯ: ದೊಡ್ಡ ಸಂಗೀತ ಕಾರ್ಯಕ್ರಮಗಳ ಟಿಕೆಟ್ ಮಾರಾಟ ಮತ್ತು ದೂರದ ಊರುಗಳಿಂದ ಹೋಗುವವರ ಪಾಡು.

ಮಾನ್ಯರೇ,

ನಮಸ್ಕಾರ. ನಾನು ಹುಬ್ಬಳ್ಳಿಯವನು. ಹಾಗಾಗಿ ನೀವು ಇಲಾಖೆಯ ಸಚಿವರಷ್ಟೇ ಅಲ್ಲ, ನಮ್ಮ ಕ್ಷೇತ್ರದ ಸಂಸದರೂ ಹೌದು. ಈ ಪತ್ರ ನಿಮಗೇ ಬರೆಯಲು ಆ ಸಲುಗೆಯೂ ಒಂದು ಕಾರಣ. ಒಂದು ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ವಯಸ್ಸು ನಲವತ್ತು ದಾಟಿದೆ. ಇಷ್ಟು ವಯಸ್ಸಿನವನು ಇಂಗ್ಲಿಷ್ ಹಾಡಿನ ಕಾರ್ಯಕ್ರಮದ ಟಿಕೆಟ್ ಬಗ್ಗೆ ಕೇಂದ್ರ ಸಚಿವರಿಗೆ ಪತ್ರ ಬರೆಯೋದಾ ಅಂತ ಮನೆಯಲ್ಲಿ ನಕ್ಕರು. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ.

ಕಳೆದ ತಿಂಗಳು, ಅಂದರೆ 2025ರ ಜನವರಿಯಲ್ಲಿ, ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡ ನಮ್ಮ ದೇಶದಲ್ಲಿ ಐದು ದಿನ ಹಾಡಿತು. 18, 19 ಮತ್ತು 21ಕ್ಕೆ ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. 25 ಮತ್ತು 26ಕ್ಕೆ ಅಹಮದಾಬಾದಿನ ನರೇಂದ್ರ ಮೋದಿ ಕ್ರೀಡಾಂಗಣ. ಈ ತಂಡ 2016ರ ನವೆಂಬರ್‌ನಲ್ಲಿ ಒಮ್ಮೆ ಮುಂಬೈಗೆ ಬಂದು ಹೋದ ಮೇಲೆ ಜನ ಎಂಟು ವರ್ಷ ಕಾದಿದ್ದರು. ನನಗೆ ಈ ಹುಚ್ಚು ಹಿಡಿಸಿದವನು ಅಕ್ಕನ ಮಗ. ಅವನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಅವನ ಕಿವಿಯ ಒಂದು ಇಯರ್‌ಫೋನ್ ನನ್ನ ಕಿವಿಗೆ ಬಂದಿದ್ದು ಕೊರೊನಾ ಕಾಲದಲ್ಲಿ, ಮನೆಯಲ್ಲಿ ಸುಮ್ನೆ ಕೂತಿದ್ದಾಗ.

ಹೋಗಬೇಕು ಅಂತ ಹೊರಟವರು ನಾವು ಐದು ಮಂದಿ. ನಾನು, ಅಕ್ಕನ ಮಗ, ಗದಗಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಒಬ್ಬ ಮೇಷ್ಟ್ರು ಗೆಳೆಯ, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಗೆಳತಿ, ಆಮೇಲೆ ಅವಳ ತಮ್ಮ. ಕಾರ್ಯಕ್ರಮದ ಸುದ್ದಿ ಬಂದಿದ್ದು ಸೆಪ್ಟೆಂಬರ್ 19ರ ಸುಮಾರಿಗೆ. ಟಿಕೆಟ್ ಮಾರಾಟ 22ಕ್ಕೆ, ಭಾನುವಾರ ಮಧ್ಯಾಹ್ನ 12ಕ್ಕೆ. ನಡುವೆ ಸಿಕ್ಕಿದ್ದು ಎರಡು ಮೂರು ದಿನ. ನಮ್ಮ ಜಗಳ ಶುರುವಾಗಿದ್ದು ಅಲ್ಲಿಂದಲೇ.

ರೈಲು ಮೊದಲೋ, ಕಾರ್ಯಕ್ರಮದ ಟಿಕೆಟ್ ಮೊದಲೋ?

ಮುಂಬೈಯಲ್ಲೇ ಇರುವವರಿಗೆ ಈ ಪ್ರಶ್ನೆ ಹುಟ್ಟೋದೇ ಇಲ್ಲ. ಅವರು ಲೋಕಲ್ ಹತ್ತಿ ನೆರೂಳ್‌ನಲ್ಲೋ ಜುಯಿನಗರದಲ್ಲೋ ಇಳಿದರೆ ಮುಗಿಯಿತು. ನಮಗೆ ಐನೂರೈವತ್ತು ಕಿಲೋಮೀಟರ್. ಆಗ ರೈಲಿನ ಮುಂಗಡ ಬುಕಿಂಗ್ 120 ದಿನ ಇತ್ತು. ಲೆಕ್ಕ ಹಾಕಿದರೆ ಜನವರಿ 17ರ ದಾದರ್ ಗಾಡಿಯ ಬುಕಿಂಗ್ ತೆರೆಯುವುದು ಸರಿಯಾಗಿ ಸೆಪ್ಟೆಂಬರ್ 19ಕ್ಕೆ. ಬೇಕಂತಲೇ ಹೊಂದಿಸಿಟ್ಟ ಹಾಗಿತ್ತು. ಮೇಷ್ಟ್ರು ಹೇಳಿದ: "ಮೊದ್ಲ ರೈಲ್ ಮಾಡ್ಸೋಣ. ಆಮ್ಯಾಲೆ ಇಡೀ ಊರು ಹೊಂಟಾಗ ಬರ್ತ್ ಸಿಗೂದಿಲ್ಲ." ನರ್ಸ್ ಗೆಳತಿ ಒಪ್ಪಲಿಲ್ಲ. "ಒಳಗ ಬಿಡ್ತಾರೋ ಇಲ್ಲೋ ಗೊತ್ತಿಲ್ದ ನಾನು ರಜಾ ಹೆಂಗ ಕೇಳ್ಲಿ?" ಎಂದಳು. ಇಬ್ಬರ ಮಾತೂ ಸರಿಯೇ ಇತ್ತು. ಕೊನೆಗೆ ರೈಲು ಮೊದಲು ಎಂದಾಯಿತು. ಐದು ಸ್ಲೀಪರ್ ಬರ್ತ್ ಮಾಡಿಸಿದೆವು. ನೆರೂಳ್ ಹತ್ತಿರ ಒಂದು ಲಾಡ್ಜಿಗೆ ಎರಡು ರಾತ್ರಿಯ ಮುಂಗಡವನ್ನೂ ಕಟ್ಟಿದೆವು.

22ರಂದು ನಮ್ಮ ಮನೆಯ ನಡುಮನೆಯಲ್ಲಿ ಮೂರು ಮೊಬೈಲು, ಒಂದು ಲ್ಯಾಪ್‌ಟಾಪು. ಅಕ್ಕ ಎಲ್ಲರಿಗೂ ಅವಲಕ್ಕಿ ಮಾಡಿಕೊಟ್ಟಿದ್ದಳು. 12ಕ್ಕೆ ಸರಿಯಾಗಿ ಪರದೆ ಬಿಳಿಚಿತು. ಟಿಕೆಟ್ ಮಾರುವ ಕಂಪನಿಯ ವೆಬ್‌ಸೈಟೇ ಬಿದ್ದುಹೋಯಿತು. ಅದು ಎದ್ದಾಗ ನಮ್ಮನ್ನು ಒಂದು ಸಾಲಿನಲ್ಲಿ ನಿಲ್ಲಿಸಿತ್ತು. ನನ್ನ ಮುಂದೆ ನಾಲ್ಕು ಲಕ್ಷ ಎಂಬತ್ತಾರು ಸಾವಿರ ಜನ. ಅಕ್ಕನ ಮಗನ ಮುಂದೆ ಏಳು ಲಕ್ಷ. ಒಂದೇ ಮನೆ, ಒಂದೇ ವೈಫೈ, ಒಂದೇ ಕ್ಷಣ. ಅವನು ಯಾಕೆ ಏಳು ಲಕ್ಷ, ನಾನು ಯಾಕೆ ಐದು ಲಕ್ಷ ಅಂತ ಕೇಳಲು ಅಲ್ಲಿ ಯಾರೂ ಇಲ್ಲ. ಮಧ್ಯದಲ್ಲೇ ಮೂರನೇ ದಿನ, 21ರ ಕಾರ್ಯಕ್ರಮ, ಸೇರಿಸಿದ್ದೇವೆ ಎಂದು ಸುದ್ದಿ ಬಂತು. ನಮ್ಮ ನಡುಮನೆಯಲ್ಲಿ ಒಂದು ಕೇಕೆ ಎದ್ದಿತು. ಸ್ವಲ್ಪ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಆ ದಿನ ಒಂದು ಕೋಟಿಗೂ ಹೆಚ್ಚು ಮಂದಿ ಪ್ರಯತ್ನ ಮಾಡಿದ್ದರು ಎಂದು ಆಮೇಲೆ ಪತ್ರಿಕೆಗಳಲ್ಲಿ ಓದಿದೆವು.

ಮಾನ್ಯರೇ, ಟಿಕೆಟ್ ಸಿಗಲಿಲ್ಲ ಎಂಬುದು ನನ್ನ ದೂರಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಹೊಟ್ಟೆ ಉರಿಗೆ ಬರೆದಿದ್ದಾನೆ ಎಂದು ಯಾರಾದರೂ ತಳ್ಳಿಹಾಕಬಹುದು. ಕೋಟಿ ಜನ ಕೇಳಿದಾಗ ಮೂರು ದಿನದ ಕ್ರೀಡಾಂಗಣ ಎಷ್ಟು ಜನರನ್ನು ಹಿಡಿದೀತು? ಚೀಟಿ ಎತ್ತಿದರೂ ನಮಗೆ ಸಿಗದೇ ಇರುವ ಸಾಧ್ಯತೆಯೇ ಜಾಸ್ತಿ. ನನ್ನ ದೂರು ಬೇರೆ. ಒಟ್ಟು ಸೀಟು ಎಷ್ಟು, ಅದರಲ್ಲಿ ಸಾರ್ವಜನಿಕರಿಗೆ ಮಾರಿದ್ದು ಎಷ್ಟು, ಪ್ರಾಯೋಜಕರಿಗೆ ಅಂತ ಎತ್ತಿಟ್ಟಿದ್ದು ಎಷ್ಟು, ಇದ್ಯಾವುದನ್ನೂ ನಮಗೆ ಮೊದಲೇ ಹೇಳಲಿಲ್ಲ.

ರೈಲಿನಲ್ಲಿ ನೋಡಿ. ವೇಟಿಂಗ್ ಲಿಸ್ಟ್ 14 ಎಂದು ಬಂದರೆ ಹುಬ್ಬಳ್ಳಿ ಸ್ಟೇಷನ್ನಿನ ಹಮಾಲನೂ ಹೇಳುತ್ತಾನೆ, "ಆಗ್ತದ ತಗೋರಿ" ಎಂದು. 140 ಬಂದರೆ "ಬಸ್ಸಿಗೆ ಹೋಗ್ರಿ" ಎನ್ನುತ್ತಾನೆ. ಆ ಸಂಖ್ಯೆಗೆ ಒಂದು ಅರ್ಥ ಇದೆ. ಒಂದು ಬೋಗಿಯಲ್ಲಿ ಎಷ್ಟು ಬರ್ತ್, ಯಾವ ಕೋಟಾಕ್ಕೆ ಎಷ್ಟು ಎಂಬುದು ಗುಟ್ಟಲ್ಲ. ಟಿಕೆಟ್ ರದ್ದು ಮಾಡಿದರೆ ಎಷ್ಟು ಕತ್ತರಿ ಎಂಬುದೂ ಗುಟ್ಟಲ್ಲ. ನಾವು ಐದರಲ್ಲಿ ನಾಲ್ಕು ಬರ್ತ್ ಆಮೇಲೆ ರದ್ದು ಮಾಡಿದೆವು. ಸ್ಲೀಪರ್‌ಗೆ ತಲಾ 120 ರೂಪಾಯಿ ಹಿಡಿದುಕೊಂಡು ಉಳಿದದ್ದು ವಾಪಸ್ ಬಂತು, ಒಂದು ಫೋನೂ ಮಾಡದೆ. ಆದರೆ ನಾಲ್ಕು ಲಕ್ಷ ಎಂಬತ್ತಾರು ಸಾವಿರ ಎಂಬ ಸಂಖ್ಯೆಯನ್ನು ನಾನು ಯಾವುದಕ್ಕೆ ಹೋಲಿಸಲಿ? ಮುಂದೆ ಐವತ್ತು ಸಾವಿರ ಸೀಟು ಇದೆಯೋ, ಐದು ಸಾವಿರ ಇದೆಯೋ ಗೊತ್ತಿದ್ದರೆ ಅವಲಕ್ಕಿ ತಿಂದು ಎದ್ದು ಹೋಗುತ್ತಿದ್ದೆ. ಮೂರು ಗಂಟೆ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂರುತ್ತಿರಲಿಲ್ಲ.

ಅದೇ ಸಂಜೆಗೆ ಶುರುವಾಯಿತು ಇನ್ನೊಂದು ಸಂತೆ.

2,500 ರೂಪಾಯಿಂದ ಶುರುವಾಗುತ್ತಿದ್ದ ಟಿಕೆಟ್, ನಿಂತು ನೋಡುವ ಜಾಗದ 6,450ರ ಟಿಕೆಟ್, ಎಲ್ಲವೂ ಮರುಮಾರಾಟದ ತಾಣಗಳಲ್ಲಿ ಕಾಣಿಸಿಕೊಂಡವು. ಕೆಲವಕ್ಕೆ ಲಕ್ಷಗಳಲ್ಲಿ ಬೆಲೆ. ಹಳೆಯ ಕಾಲದಲ್ಲಿ ಅಣ್ಣಾವ್ರ ಸಿನಿಮಾಕ್ಕೆ ಥಿಯೇಟರ್ ಮುಂದೆ "ಎರಡಕ್ಕ ಐದು, ಎರಡಕ್ಕ ಐದು" ಎಂದು ಪಿಸುಗುಡುತ್ತಿದ್ದ ಬ್ಲಾಕ್ ಟಿಕೆಟ್‌ನವನು ಕನಿಷ್ಠ ಕಣ್ಣಿಗೆ ಕಾಣುತ್ತಿದ್ದ. ಪೊಲೀಸರು ಬಂದರೆ ಓಡುತ್ತಿದ್ದ. ಈಗಿನವನಿಗೆ ಮುಖ ಇಲ್ಲ, ಓಡಬೇಕಾಗಿಯೂ ಇಲ್ಲ.

ಇಲ್ಲಿ ನಮ್ಮ ಐವರಲ್ಲಿ ಎರಡನೇ ಜಗಳ. ಮೇಷ್ಟ್ರು ಅರ್ಥಶಾಸ್ತ್ರದವನಲ್ಲವೇ, ಅವನ ವಾದ ನೇರ: "ಬೇಡಿಕೆ ಜಾಸ್ತಿ ಆದ್ರ ಬೆಲೆ ಏರ್ತದ. ಈರುಳ್ಳಿ ಏರೂದಿಲ್ಲೇನು? ಕೊಡಾಂವಗ ಇಷ್ಟ, ತಗೊಳ್ಳಾಂವಗ ಇಷ್ಟ. ಸರ್ಕಾರಕ್ಕೇನ್ ಕೆಲಸ?" ಈರುಳ್ಳಿಯ ಮಾತು ತೆಗೆದು ಅವನೇ ಸಿಕ್ಕಿಹಾಕಿಕೊಂಡ. ಗದಗ, ಧಾರವಾಡದ ಸೀಮೆಯಲ್ಲಿ ಈರುಳ್ಳಿ ಬೆಲೆ ಏರಿದರೆ ಬೆಳೆದವನಿಗೆ ಒಂದಿಷ್ಟಾದರೂ ಹೋಗುತ್ತದೆ ಎಂಬ ಆಸೆ ಇರುತ್ತದೆ. ಟಿಕೆಟ್ ಬ್ಲಾಕಿನಲ್ಲಿ ಹೋದರೆ ಹಾಡಿದವನಿಗೂ ಇಲ್ಲ, ವೇದಿಕೆ ಕಟ್ಟಿದ ಕೂಲಿಯವನಿಗೂ ಇಲ್ಲ. ಅಷ್ಟೇ ಅಲ್ಲ, ಈರುಳ್ಳಿ ಬೆಲೆ ಕೈಮೀರಿದಾಗ ಸರ್ಕಾರ ಸುಮ್ಮನೆ ಕೂರುವುದೂ ಇಲ್ಲ. ತನ್ನ ಕಾಪು ದಾಸ್ತಾನಿನಿಂದ (ಬಫರ್ ಸ್ಟಾಕ್) ತೆಗೆದು ಮಾರುತ್ತದೆ. ವ್ಯಾಪಾರಿಗಳ ದಾಸ್ತಾನಿಗೆ ಮಿತಿ ಹಾಕಿದ್ದೂ ಉಂಟು. ಆ ಕೆಲಸ ನೋಡುವುದು ನಿಮ್ಮ ಇಲಾಖೆಯೇ, ನಿಮಗೆ ನಾನು ಹೇಳಬೇಕಾಗಿಲ್ಲ. ಹಾಡು ಈರುಳ್ಳಿಯಷ್ಟು ಅವಶ್ಯಕ ವಸ್ತುವಲ್ಲ, ಒಪ್ಪಿದೆ. ಆದರೆ ಕೂಡಿಟ್ಟು ಮಾರುವ ಬುದ್ಧಿ ಎರಡೂ ಕಡೆ ಒಂದೇ.

ಅಕ್ಕನ ಮಗ ಈ ವಾದವನ್ನೆಲ್ಲ ಕೇಳುತ್ತಾ ಕೂತಿದ್ದ. ಅಕ್ಟೋಬರ್‌ನಲ್ಲಿ ಒಂದು ದಿನ ತಾನಾಗಿಯೇ ಬಂದು, "ಮಾಮಾ, 18ರ ಟಿಕೆಟ್ ಸಿಕ್ತು" ಎಂದ. 3,500ರ ಟಿಕೆಟ್‌ಗೆ 14,000 ಕೊಟ್ಟಿದ್ದ. ಮೊಬೈಲಿನ ಯಾವುದೋ ಗುಂಪಿನಲ್ಲಿ ಪರಿಚಯವಾದವನು. ಆ ದುಡ್ಡು ಅವನು ಬೇಸಿಗೆ ರಜೆಯಲ್ಲಿ ಕೆಲಸ ಮಾಡಿ ಉಳಿಸಿದ್ದು. ನಾನು ಬೈದೆ. ಆಮೇಲೆ ಅವನ ಮುಖ ನೋಡಿ ಸುಮ್ಮನಾದೆ. ಇದ್ದುದರಲ್ಲಿ ಒಬ್ಬನಾದರೂ ಹೋಗುತ್ತಾನಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನವೆಂಬರ್‌ನಲ್ಲಿ ಅಹಮದಾಬಾದಿನ ಕಾರ್ಯಕ್ರಮ ಸಾರಿದರು. ಟಿಕೆಟ್ 16ಕ್ಕೆ, ಶನಿವಾರ, ಮತ್ತೆ ಮಧ್ಯಾಹ್ನ 12ಕ್ಕೆ. ಮತ್ತೆ ಅದೇ ನಡುಮನೆ. ಈ ಸಲ ನನ್ನ ಸಂಖ್ಯೆ ಹತ್ತಿರ ಬಂತು. ಅಕ್ಕನ ಮಗನಿಗೆ ಕೇಳಿದೆ, ನಿನಗೂ ಒಂದು ಹಾಕಲಾ ಎಂದು. "ನನ್ನ ಹತ್ರ ಇದೆಯಲ್ಲ ಮಾಮಾ, ಬೇರೆಯವರಿಗೆ ಬಿಡು" ಎಂದ. ಎರಡು ಟಿಕೆಟ್ ತೆಗೆದುಕೊಂಡೆ. ಒಂದು ನನಗೆ, ಒಂದು ಮೇಷ್ಟ್ರಿಗೆ. ನರ್ಸ್ ಗೆಳತಿಗೆ ರಜೆ ಸಿಗುವ ಹಾಗಿರಲಿಲ್ಲ, ಅಕ್ಕ ಬರದಿದ್ದರೆ ತಾನೂ ಬರುವುದಿಲ್ಲ ಎಂದ ಅವಳ ತಮ್ಮ.

ಅಷ್ಟರಲ್ಲಿ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿತ್ತು. ಹಾಗಾಗಿ ಈ ಸಲ ಉಲ್ಟಾ. ಕಾರ್ಯಕ್ರಮದ ಟಿಕೆಟ್ ಕೈಯಲ್ಲಿದೆ, ರೈಲು ಇನ್ನೂ ತೆರೆದಿಲ್ಲ. ಜನವರಿ 24ರ ಗಾಡಿಗೆ ನವೆಂಬರ್ 25ರವರೆಗೆ ಕಾಯಬೇಕು. ನಾವು ಹೊರಡಬೇಕಾಗಿದ್ದು ಜನವರಿ 24ಕ್ಕೂ ಮೊದಲೇ, ಯಾಕೆಂದರೆ ಬೆಳಗಾವಿ, ಮೀರಜ್, ಪುಣೆ, ಸೂರತ್, ವಡೋದರಾ ದಾಟಿ ಅಹಮದಾಬಾದ್ ಮುಟ್ಟಲು ಒಂದು ಹಗಲು ಒಂದು ರಾತ್ರಿ ಬೇಕು. ರೈಲು ಹೇಗೋ ಸಿಕ್ಕಿತು. ರೂಮಿನ ಕಥೆ ಬೇರೆ. ನವೆಂಬರ್‌ನಲ್ಲೇ ದುಡ್ಡು ಕಟ್ಟಿ ಖಚಿತ ಮಾಡಿಕೊಂಡಿದ್ದ ರೂಮನ್ನು ಹೋಟೆಲ್‌ನವರು ಜನವರಿ ಮೊದಲ ವಾರದಲ್ಲಿ "ರಿಪೇರಿ ಕೆಲಸ ಇದೆ" ಎಂದು ರದ್ದು ಮಾಡಿದರು. ಮರುದಿನ ಅದೇ ಹೋಟೆಲಿನ ಅದೇ ಥರದ ರೂಮು ನಾಲ್ಕು ಪಟ್ಟು ಬೆಲೆಗೆ ಮಾರಾಟಕ್ಕಿತ್ತು. ರಿಪೇರಿ ಒಂದೇ ರಾತ್ರಿಗೆ ಮುಗಿದಿರಬೇಕು. ಕೊನೆಗೆ ಊರ ಹೊರಗೆ ಒಂದು ಧರ್ಮಶಾಲೆಯಲ್ಲಿ ಮಲಗಿದೆವು. ಬಿಸಿ ಥೇಪ್ಲಾ ಕೊಟ್ಟರು, ಪುಣ್ಯವಂತರು.

ಜನವರಿ 17ರ ಮಧ್ಯಾಹ್ನ ಅಕ್ಕನ ಮಗನನ್ನು ಸ್ಟೇಷನ್ನಿಗೆ ಬಿಟ್ಟುಬಂದೆ. ಥಾಣೆಯಲ್ಲಿ ಇಳಿದು, ಲೋಕಲ್ ಹಿಡಿದು ನೆರೂಳ್ ಮುಟ್ಟಿದ. ಸಂಜೆ ಕ್ರೀಡಾಂಗಣದ ಗೇಟಿಗೆ ಹೋದ. ಮುಂದೆ ಇದ್ದವರೆಲ್ಲರ ಟಿಕೆಟ್‌ಗೆ ಯಂತ್ರ ಹಸಿರು ತೋರಿಸಿತು. ಇವನದಕ್ಕೆ ಕೆಂಪು. ಆ ಸಂಖ್ಯೆಯ ಟಿಕೆಟ್ ಆಗಲೇ ಒಳಗೆ ಹೋಗಿದೆ ಎಂದರು. ಗೇಟಿನವರದು ತಪ್ಪಿಲ್ಲ, ಅವರು ಪಾಪ ಸಮಾಧಾನವಾಗಿಯೇ ಹೇಳಿದರಂತೆ. ಮಾರಿದವನ ಫೋನ್ ಬಂದ್. ಇವನ ಹಾಗೆಯೇ ಇನ್ನೂ ಕೆಲವರು ಗೇಟಿನ ಪಕ್ಕ ನಿಂತಿದ್ದರಂತೆ. ಒಬ್ಬ ನಾಗಪುರದಿಂದ ಬಂದವನು. ಒಂದು ಹುಡುಗಿ ಹೈದರಾಬಾದಿನವಳು, ಜೊತೆಗೆ ಅವಳ ಅಪ್ಪ. ದೂರದಿಂದ ಬಂದವರೇ ಹೆಚ್ಚು ಮೋಸ ಹೋಗುತ್ತಾರೆ ಎಂದು ಲೆಕ್ಕ ಕೊಡಲು ನನ್ನ ಹತ್ತಿರ ಅಂಕಿಅಂಶ ಇಲ್ಲ. ಆದರೆ ಯಾಕೆ ಹಾಗಾಗುತ್ತದೆ ಎಂದು ನನಗೆ ಗೊತ್ತು. ರೈಲು ಮಾಡಿಸಿಯಾಗಿದೆ, ಲಾಡ್ಜಿಗೆ ಕಟ್ಟಿಯಾಗಿದೆ, ರಜೆ ಹಾಕಿಯಾಗಿದೆ. ಅಷ್ಟೆಲ್ಲ ಆದ ಮೇಲೆ ಯಾರಾದರೂ "ಟಿಕೆಟ್ ಇದೆ" ಎಂದರೆ ಮನಸ್ಸು ನಂಬಲು ಕಾಯುತ್ತಿರುತ್ತದೆ.

ಅವನು ಹೊರಗೇ ನಿಂತು ಮೂರು ಹಾಡು ಕೇಳಿದನಂತೆ. ಗೋಡೆಯ ಆಚೆಯಿಂದ ಬೆಳಕು ಮಾತ್ರ ಕಾಣುತ್ತಿತ್ತಂತೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾನೆ. ದೂರು ಬರೆದುಕೊಂಡಿದ್ದಾರೆ.

ಮುಂದಿನ ಶನಿವಾರ ನಾನು ಒಳಗಿದ್ದೆ. ಲಕ್ಷಕ್ಕೂ ಹೆಚ್ಚು ಜನರ ಕೈಗಳಲ್ಲಿ ಮಿನುಗುವ ಪಟ್ಟಿ. ಒಂದೇ ಸಲ ಎಲ್ಲವೂ ಹಳದಿಯಾಗುವುದು, ಮತ್ತೆ ಒಂದೇ ಸಲ ನೀಲಿಯಾಗುವುದು. ಮೇಷ್ಟ್ರು ಅತ್ತುಬಿಟ್ಟ, ಅರ್ಥಶಾಸ್ತ್ರ ಎಲ್ಲ ಮರೆತು. ನನಗೆ ಅಳು ಬರಲಿಲ್ಲ. ನನ್ನ ಪಕ್ಕದ ಜಾಗದಲ್ಲಿ ಯಾರೋ ಅಪರಿಚಿತ ಹುಡುಗ ಕುಣಿಯುತ್ತಿದ್ದ, ಅಕ್ಕನ ಮಗನದೇ ವಯಸ್ಸು. ಮರುದಿನ, ಗಣರಾಜ್ಯೋತ್ಸವದ ಸಂಜೆ, ಕಾರ್ಯಕ್ರಮವನ್ನು ಆನ್‌ಲೈನಿನಲ್ಲಿ ನೇರ ತೋರಿಸಿದರು. ಅಕ್ಕನ ಮಗ ಅದನ್ನು ಮೊಬೈಲಿನಲ್ಲಿ ನೋಡಿದ. ನಾವು ಆಗ ವಾಪಸ್ ಬರುವ ರೈಲಿನಲ್ಲಿದ್ದೆವು.

ಇಷ್ಟು ಹೇಳಿದಾಗ ಕೆಲವರು ಕೇಳುತ್ತಾರೆ: ಯಾವುದೋ ಇಂಗ್ಲಿಷ್ ಬ್ಯಾಂಡಿಗೆ ಇಷ್ಟು ದೂರ ಯಾಕೆ ಹೋಗಬೇಕಿತ್ತು? ಹಾಡು ಕೇಳಲು ಊರು ಬಿಟ್ಟು ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಭೀಮಸೇನ ಜೋಶಿಯವರು ಇನ್ನೂ ಹುಡುಗರಾಗಿದ್ದಾಗಲೇ ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ರೈಲು ಹತ್ತಿದವರು. ಕೊನೆಗೆ ಗುರು ಸಿಕ್ಕಿದ್ದು ಪಕ್ಕದ ಕುಂದಗೋಳದಲ್ಲಿ, ಅದು ಬೇರೆ ಮಾತು. ಆ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ನಡೆಯುವ ಉತ್ಸವಕ್ಕೆ ನಮ್ಮ ಅಪ್ಪ ಡಿಸೆಂಬರ್ ಬಂತೆಂದರೆ ಹೊದಿಕೆ ಕಟ್ಟಿಕೊಂಡು ಹೋಗುತ್ತಿದ್ದರು. ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಳ್ಳುತ್ತಿದ್ದರು. ಸಾಲು ಕಣ್ಣಿಗೆ ಕಾಣುತ್ತಿತ್ತು. ಮುಂದೆ ಎಷ್ಟು ಜನ ಇದ್ದಾರೆ ಎಂದು ಎಣಿಸಬಹುದಿತ್ತು.

ನಾನೂ 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡದ ಕಾರ್ಯಕ್ರಮಕ್ಕೆ ರಾತ್ರಿ ಗಾಡಿಯಲ್ಲಿ ಹೋಗಿದ್ದೆ. ಎರಡು ದಿನ ಮೊದಲು ದೆಹಲಿ ಪಕ್ಕದ ಗುರುಗ್ರಾಮದಲ್ಲಿ ನಡೆಯಬೇಕಿದ್ದ ಅವರದೇ ಕಾರ್ಯಕ್ರಮ ರದ್ದಾಗಿತ್ತು. ಅಲ್ಲಿಂದ ಓಡಿಬಂದ ಹುಡುಗರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಸುಸ್ತೂ ಇತ್ತು, ನಗುವೂ ಇತ್ತು.

ಈಗ ನಾನು ಕೇಳುವುದಕ್ಕೆ ಬರುತ್ತೇನೆ.

ಮೊದಲನೆಯದು ಅತಿ ಸುಲಭದ್ದು. ದೊಡ್ಡ ಕಾರ್ಯಕ್ರಮದ ಟಿಕೆಟ್ ಮಾರುವ ಮುಂಚೆ, ಸಾರ್ವಜನಿಕರಿಗೆ ಎಷ್ಟು ಸೀಟು, ಯಾವ ಬೆಲೆಯವು ಎಷ್ಟು, ಎತ್ತಿಟ್ಟಿದ್ದು ಎಷ್ಟು ಎಂದು ಬರೆದು ಹಾಕಬೇಕು. ಸಾಲಿನಲ್ಲಿ ನಿಂತವನಿಗೆ ಅವನ ಸಂಖ್ಯೆಯ ಜೊತೆಗೆ ಉಳಿದ ಸೀಟಿನ ಸಂಖ್ಯೆಯೂ ಕಾಣಬೇಕು. ಇದಕ್ಕೆ ಹೊಸ ಕಾನೂನೂ ಬೇಕಾಗಲಿಕ್ಕಿಲ್ಲ. 2023ರ ನವೆಂಬರ್‌ನಲ್ಲಿ ನಿಮ್ಮ ಇಲಾಖೆಯ ಅಡಿಯಲ್ಲೇ ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಬಂದಿದೆ. ಹದಿಮೂರು ಬಗೆಯ ಆನ್‌ಲೈನ್ ಕುತಂತ್ರಗಳನ್ನು ಅದರಲ್ಲಿ ಗುರುತಿಸಿದ್ದೀರಿ. ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಹಂತದಲ್ಲಿ ಬೆಲೆ ಏರಿಸಿ ತೋರಿಸುವುದು ಎರಡೂ ಅದರಲ್ಲಿವೆ. ಓದಿ ಖುಷಿಯಾಯಿತು, ಸುಮ್ನೆ ಹೊಗಳುತ್ತಿಲ್ಲ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ಇರುವ ಸರಕೆಷ್ಟು ಎಂದು ಹೇಳದೆ ಜನರನ್ನು ಸಾಲಿನಲ್ಲಿ ನಿಲ್ಲಿಸುವುದು.

ಎರಡನೆಯದು ಬ್ಲಾಕ್ ಮಾರಾಟ. ರೈಲು ಟಿಕೆಟ್ಟನ್ನು ಅನುಮತಿ ಇಲ್ಲದೆ ವ್ಯಾಪಾರ ಮಾಡಿದರೆ 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು. ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮಿನಲ್ಲೂ ಅನಧಿಕೃತ ಟಿಕೆಟ್ ಮಾರಾಟ ಎಂಬ ಮಾತಿದೆ. ಆದರೆ ಅದು ಗುಂಪು ಅಥವಾ ಗ್ಯಾಂಗಿನ ಸದಸ್ಯನಾಗಿ ಮಾಡಿದರೆ ಮಾತ್ರ. ಕೋಣೆಯಲ್ಲಿ ಒಬ್ಬನೇ ಕೂತು ಹತ್ತು ಟಿಕೆಟ್ ಹಿಡಿದು ಮಾರುವವನು ಗ್ಯಾಂಗೇ? ಪೊಲೀಸರಿಗೂ ಗೊಂದಲ, ನಮಗೂ ಗೊಂದಲ. ಬಾಂಬೆ ಹೈಕೋರ್ಟಿನಲ್ಲಿ ಇದೇ ವಿಷಯಕ್ಕೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂದಾಗ, ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದು ಹೇಳಿ ನ್ಯಾಯಾಲಯ ಜನವರಿ 10ಕ್ಕೆ ಅರ್ಜಿ ವಜಾ ಮಾಡಿತು. ಅಂದರೆ ಚೆಂಡು ಈಗ ನಿಮ್ಮ ಅಂಗಳದಲ್ಲಿದೆ. ಐರ್ಲೆಂಡಿನವರು 2021ರಲ್ಲೇ ಕಾನೂನು ಮಾಡಿ, ಗುರುತಿಸಿದ ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಮುಖಬೆಲೆಗಿಂತ ಜಾಸ್ತಿಗೆ ಮಾರುವುದನ್ನು ನಿಷೇಧಿಸಿದ್ದಾರೆ. ಅಮೆರಿಕದಲ್ಲಿ ಯಂತ್ರದ ಮೂಲಕ ಟಿಕೆಟ್ ಬಾಚಿಕೊಳ್ಳುವುದರ ವಿರುದ್ಧ 2016ರಿಂದ ಕಾನೂನಿದೆ. ನಾವು ಮೊದಲಿಗರೇನೂ ಆಗುವುದಿಲ್ಲ.

ಬ್ಲಾಕ್ ನಿಲ್ಲಿಸಿದರೆ ಸಾಲದು, ವಾಪಸ್ ಕೊಡುವ ದಾರಿಯೂ ಬೇಕು. ಇದು ನಮ್ಮ ನರ್ಸ್ ಗೆಳತಿಯ ಮಾತು. ನಾಲ್ಕು ತಿಂಗಳು ಮುಂಚೆ ಟಿಕೆಟ್ ತೆಗೆದುಕೊಂಡವರಿಗೆ ಜ್ವರ ಬರುವುದಿಲ್ಲವೇ, ಮನೆಯಲ್ಲಿ ಸಾವು ಆಗುವುದಿಲ್ಲವೇ? ಅಂಥವರೆಲ್ಲ ಕಳ್ಳರಲ್ಲ. ಮಾರಿದ ಕಂಪನಿಯೇ ಟಿಕೆಟ್ ವಾಪಸ್ ತೆಗೆದುಕೊಂಡು, ಅದೇ ಬೆಲೆಗೆ ಸಾಲಿನಲ್ಲಿ ಮುಂದಿರುವವರಿಗೆ ಕೊಡಲಿ. ರೈಲಿನ ವೇಟಿಂಗ್ ಲಿಸ್ಟ್ ಮಾಡುವುದು ಅದನ್ನೇ ಅಲ್ವಾ? ಟಿಕೆಟ್ ಮೇಲೆ ಹೆಸರಿರಲಿ. ಖಚಿತವಾದ ರೈಲು ಟಿಕೆಟ್ಟನ್ನು ಗಾಡಿ ಹೊರಡುವ 24 ಗಂಟೆ ಮುಂಚೆ ಮನೆಯವರ ಹೆಸರಿಗೆ ಬದಲಿಸಲು ಅವಕಾಶ ಇದೆ, ಇಲ್ಲೂ ಅಂಥದ್ದೊಂದು ಇರಲಿ. ಗೇಟಿನಲ್ಲಿ ಗುರುತಿನ ಚೀಟಿ ನೋಡಿದರೆ ತಡವಾಗುತ್ತದೆ ಎಂದು ಆಯೋಜಕರು ಹೇಳಬಹುದು. ತಡವಾಗುತ್ತದೆ, ನಿಜ. ಎಂಟು ವರ್ಷ ಕಾದವರು ಇನ್ನರ್ಧ ಗಂಟೆ ಕಾಯುತ್ತಾರೆ.

ನಮ್ಮಲ್ಲಿ ಒಂದು ವಾದ ಕೊನೆಗೂ ಇತ್ಯರ್ಥ ಆಗಲಿಲ್ಲ, ಅದನ್ನೂ ನಿಮ್ಮ ಮುಂದಿಡುತ್ತೇನೆ. ಊರಿನವರಿಗೆ ಮೊದಲು, ಹೊರಗಿನವರಿಗೆ ಆಮೇಲೆ ಎಂದು ಟಿಕೆಟ್ ಹಂಚಬೇಕೇ? ಮುಂಬೈಯಲ್ಲಿರುವ ನಮ್ಮ ಒಬ್ಬ ನೆಂಟ ಹಾಗೇ ಹೇಳುತ್ತಾನೆ. ರೋಡು ಜಾಮ್ ಆಗುವುದು ನಮ್ಮದು, ಲೋಕಲ್ ತುಂಬುವುದು ನಮ್ಮದು ಎನ್ನುತ್ತಾನೆ. ನಾನು ಒಪ್ಪುವುದಿಲ್ಲ. ಇಂಥ ತಂಡಗಳು ಹುಬ್ಬಳ್ಳಿಗೆ ಬರುವುದಿಲ್ಲ, ಬಾಗಲಕೋಟೆಗೆ ಬರುವುದಿಲ್ಲ. ನಾಲ್ಕೈದು ಮಹಾನಗರದವರಿಗೇ ಮೊದಲ ಹಕ್ಕು ಎಂದರೆ ಉಳಿದ ದೇಶ ಮೊಬೈಲಿನಲ್ಲಿ ನೋಡಿಕೊಂಡಿರಬೇಕಾಗುತ್ತದೆ. ಮೀಸಲು ಬೇಡ. ಆದರೆ ಮಾರಾಟದ ದಿನ ಎರಡು ವಾರ ಮುಂಚೆ ತಿಳಿದರೆ, ಮತ್ತು ಅದು ರೈಲಿನ 60 ದಿನದ ಬುಕಿಂಗ್‌ಗಿಂತ ಮೊದಲು ಮುಗಿದರೆ, ನಮ್ಮಂಥವರು ಟಿಕೆಟ್ ಕೈಗೆ ಬಂದ ಮೇಲೆ ರೈಲಿನ ಯೋಚನೆ ಮಾಡಬಹುದು. ಹೋಟೆಲುಗಳು ಖಚಿತ ಮಾಡಿದ ರೂಮನ್ನು ಕಿತ್ತುಕೊಂಡು ಮತ್ತೆ ಮಾರಿದರೆ ಅದಕ್ಕೂ ಒಂದು ದಂಡ ಇರಲಿ.

ಜನವರಿ 28ಕ್ಕೆ ಭುವನೇಶ್ವರದಲ್ಲಿ ಪ್ರಧಾನಿಯವರೇ ಮುಂಬೈ ಮತ್ತು ಅಹಮದಾಬಾದಿನ ಈ ಕಾರ್ಯಕ್ರಮಗಳ ಮಾತೆತ್ತಿ, ಕನ್ಸರ್ಟ್ ಎಕಾನಮಿಯ ಬಗ್ಗೆ, ಅಂದರೆ ಇಂಥ ಕಾರ್ಯಕ್ರಮಗಳಿಂದ ಹುಟ್ಟುವ ವ್ಯಾಪಾರ ವಹಿವಾಟಿನ ಬಗ್ಗೆ, ಹೇಳಿದರು. ಒಳ್ಳೆಯ ಮಾತು. ಪಶ್ಚಿಮ ರೈಲ್ವೆ ಬಾಂದ್ರಾದಿಂದ ಅಹಮದಾಬಾದಿಗೆ ವಿಶೇಷ ಗಾಡಿಗಳನ್ನು ಓಡಿಸಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದು ನಾವೇ ನೋಡಿದೆವು. ಆ ಎಕಾನಮಿಯಲ್ಲಿ ರೈಲಿಗೆ, ಹೋಟೆಲಿಗೆ, ಆಟೊಗೆ, ಥೇಪ್ಲಾದವರಿಗೆ ದುಡ್ಡು ಕೊಟ್ಟವರು ಬಹಳ ಮಟ್ಟಿಗೆ ಹೊರಗಿನಿಂದ ಬಂದ ನಾವೇ. ನಮ್ಮ ನಂಬಿಕೆ ಉಳಿಸಿಕೊಂಡರೆ ಮತ್ತೆ ಬರುತ್ತೇವೆ.

ನೀವು ಊರಿಗೆ ಬಂದಾಗ ನಿಮ್ಮನ್ನು ಕಾಣಲು ಬರುವವರು ಬಹಳ, ಗೊತ್ತು. ಐದು ನಿಮಿಷ ಸಿಕ್ಕರೂ ಸಾಕು. ನಾನೊಬ್ಬನೇ ಬರುವುದಿಲ್ಲ, ಅಕ್ಕನ ಮಗನನ್ನೂ ಕರೆದುಕೊಂಡು ಬರುತ್ತೇನೆ. ಅವನ ಆ ಟಿಕೆಟ್ ಇನ್ನೂ ಅವನ ಪುಸ್ತಕದ ನಡುವೆ ಇದೆ. ನಕಲಿ ಎಂದು ನೋಡಿದರೆ ಗೊತ್ತೇ ಆಗುವುದಿಲ್ಲ, ಅಷ್ಟು ಚೆನ್ನಾಗಿದೆ. ಹದಿನಾಲ್ಕು ಸಾವಿರ ಕಳಿಸಿದ ರಸೀದಿ, ಹೋಟೆಲಿನವರ "ರಿಪೇರಿ" ಸಂದೇಶ, ನನ್ನ ಸಾಲಿನ ಸಂಖ್ಯೆಯ ಫೋಟೊ ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ. ಲೆಕ್ಕ ಬರೆಯುವವನ ಅಭ್ಯಾಸ.

ಇಂತಿ ತಮ್ಮ ವಿಶ್ವಾಸಿ,
ಕ್ರೀಡಾಂಗಣದ ಒಳಗೆ ಹೋಗಿ ಬಂದ ಒಬ್ಬ ಮಾಮಾ
ಹುಬ್ಬಳ್ಳಿ, ಫೆಬ್ರವರಿ 2025